ಪಾವ್ ಹಾಕಿ ಮೀನು ಕರೆಯುವ ಸ್ಕೂಬಾ

ದೀಪಾವಳಿ ರಜೆ ಬಂತೆಂದರೆ ಇಚಲಕರಂಜಿ, ನಿಪ್ಪಾಣಿ ಕಡೆಯ ಗಾಡಿಗಳು ನಮ್ಮ ಉತ್ತೂರ ದಾಟಿ, ಆಜರಾ ಹಿಡಿದು, ಆಂಬೋಲಿ ಘಾಟ ಇಳಿದು ಮಾಲವಣಕ್ಕೆ ಸಾಲುಗಟ್ಟುತ್ತವೆ. ಸಿಂಧುದುರ್ಗ ಕೋಟೆ ಈಗ ಬರೀ ನೆಪ, ಎಲ್ಲರಿಗೂ ಬೇಕಾದದ್ದು ಸ್ಕೂಬಾ. ವಾಪಸ್ ಬರುವಾಗ ಚಹಾಕ್ಕೆ ನಿಂತವರು ಮೊಬೈಲ್ ತೆಗೆದು ತೋರಿಸುತ್ತಾರೆ: ಮುಖಕ್ಕೆ ಮಾಸ್ಕ್, ಬಾಯಲ್ಲಿ ನಳಿಗೆ, ಎರಡು ಬೆರಳೆತ್ತಿದ ಕೈ, ಸುತ್ತ ಮುತ್ತಿಕೊಂಡ ಪಟ್ಟೆಪಟ್ಟೆ ಮೀನು. ಆ ಮೀನುಗಳು ಇವರನ್ನು ನೋಡಲು ಬಂದವಲ್ಲ. ಪಕ್ಕದಲ್ಲಿ ಗೈಡ್ ಪಾವಿನ ಚೂರು ಹಿಚುಕುತ್ತಿರುತ್ತಾನೆ. ನನ್ನ ತಕರಾರು ಆ ಪಾವಿನ ಮೇಲೆ.

ನಾನು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಸಬ್‌ಮರ್ಸಿಬಲ್ ಬರುವ ಮೊದಲು ಫುಟ್‌ವಾಲ್ವ್ ಕೆಟ್ಟರೆ ಬಾವಿಗೆ ಇಳಿಯುವ ಕೆಲಸವೂ ನಮ್ಮದೇ. ಪಾತಾಳಗರಡಿಗೆ ಸಿಗದ ಸ್ಪ್ಯಾನರನ್ನು ಮುಳುಗಿಯೇ ತೆಗೆಯಬೇಕಿತ್ತು. ಎರಡಾಳು ಆಳಕ್ಕೆ ಹೋದರೆ ಕಿವಿ ಸಿಡಿಯತೊಡಗುತ್ತದೆ. ಮೂಗು ಒತ್ತಿ ಹಿಡಿದು ಒಳಗಿನಿಂದ ಮೆಲ್ಲಗೆ ಗಾಳಿ ನೂಕಿದರೆ ಟಪ್ಪೆಂದು ಬಿಡುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಬಾವಿ ತೋಡುವ ಗ್ಯಾಂಗಿನ ಒಬ್ಬ ಮುದುಕ. ಸ್ಕೂಬಾ ಕಲಿಸುವವರೂ ಮೊದಮೊದಲು ಹೇಳುವುದು ಅದನ್ನೇ.

ನಮ್ಮ ಬಾವಿಗಳ ಗೋಡೆ ಹಗಲಲ್ಲಿ ನೋಡಬೇಕು. ಕರಿಕಲ್ಲಿನ ದಪ್ಪ ಥರ, ಅದರ ಕೆಳಗೆ ಇಟ್ಟಂಗಿ ಬಣ್ಣದ ಮಣ್ಣಿನ ತೆಳು ಪದರ, ಮತ್ತೆ ಕರಿಕಲ್ಲು. ಒಮ್ಮೆ ಹರಿದ ಲಾವಾ ಆರಿ, ಅದರ ಮೈ ಸವೆದು ಮಣ್ಣಾದ ಮೇಲೆ ಇನ್ನೊಂದು ಲಾವಾ ಬಂದು ಮುಚ್ಚಿದ ಗುರುತು ಅದು. ಪನ್ಹಾಳದ ಹತ್ತಿರ ಬಾಂದಿವಡೆಯಲ್ಲಿ ಇದೇ ಲಾವಾ ಮೂಲೆ ಮೂಲೆಯ ಕಂಬಗಳಾಗಿ ಒಡೆದು ನಿಂತಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಇದನ್ನು ಉಕ್ಕಿಸಿದ ಬಿಸಿ ಸೆಲೆ ಇನ್ನೂ ಆರಿಲ್ಲ, ನಮ್ಮ ನೆಲವೇ ಅದರ ಮೇಲಿಂದ ಉತ್ತರಕ್ಕೆ ಸರಿದು ಬಂತು ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ. ಈಗ ಅದರ ಮೇಲಿರುವುದು ಮಡಗಾಸ್ಕರಿನ ಪೂರ್ವಕ್ಕೆ, ಫ್ರೆಂಚರ ಕೈಯಲ್ಲಿರುವ ರೀಯೂನಿಯನ್ ದ್ವೀಪ. ನಡುದಾರಿಯಲ್ಲಿ ಹುಟ್ಟಿ ಮುಳುಗಿದ ಜ್ವಾಲಾಮುಖಿಗಳ ನೆತ್ತಿಯ ಮೇಲೆ ಹವಳ ಬೆಳೆದು ಲಕ್ಷದ್ವೀಪ, ಮಾಲ್ದೀವ್ಸ್ ಆದವು.

ರೀಯೂನಿಯನ್ನಿನ ಜ್ವಾಲಾಮುಖಿ 2007ರ ಏಪ್ರಿಲ್‌ನಲ್ಲಿ ಉಕ್ಕಿದಾಗ ಲಾವಾ ಸಮುದ್ರಕ್ಕೇ ಇಳಿಯಿತು. ಆಳದ ಮೀನುಗಳು ಸತ್ತು ಮೇಲೆ ತೇಲಿದವು. ಅದೇ ವರ್ಷ ಪಶ್ಚಿಮ ದಂಡೆಯ ಹವಳವನ್ನು ಉಳಿಸಲು ಸಾಗರ ಮೀಸಲು ಪ್ರದೇಶ ಮಾಡಿದರು. ಡೈವಿಂಗಿಗೆಂದೇ ಜನ ಹೋಗುವ ದ್ವೀಪ ಅದು. ಆದರೂ ಕೆಲವು ತುಣುಕು ನೀರಿಗೆ ಯಾರೂ ಇಳಿಯುವಂತಿಲ್ಲ, ಎಷ್ಟೇ ದುಡ್ಡು ಕೊಡಲಿ.

ನಮ್ಮಲ್ಲೂ ಕಾನೂನಿಗೆ ಕೊರತೆಯಿಲ್ಲ. ಮಾಲವಣದ ಸಾಗರ ಅಭಯಾರಣ್ಯ 1987ರದ್ದು, ಸುಮಾರು 29 ಚದರ ಕಿ.ಮೀ. ಹವಳ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ ಹುಲಿಯ ಜೊತೆಗೇ ಇದೆ. ರಾಧಾನಗರಿ ಅಭಯಾರಣ್ಯದಲ್ಲಿ ಕಾಡುಕೋಣಕ್ಕೆ ಪಾವ್ ತಿನ್ನಿಸಿ ಫೋಟೊ ತೆಗೆಸಿಕೊಂಡರೆ ಫಾರೆಸ್ಟಿನವರು ಸುಮ್ಮನೆ ಬಿಡುತ್ತಾರೆಯೇ? ಹವಳದ ಮೇಲಿನ ಪಾಚಿ ಮೇಯಬೇಕಾದ ಮೀನು ಮೈದಾಹಿಟ್ಟಿಗೆ ಕಾದು ನಿಂತರೆ ಹವಳ ತೊಳೆಯುವವರು ಯಾರು?

ನಾನು ಹೋದ ದೋಣಿಯಲ್ಲಿ ಕಬ್ಬಿಣದ ಲಂಗರನ್ನು ನೇರ ಹವಳದ ಮೇಲೆಯೇ ಬಿಟ್ಟರು. ಹವಳದ ಬಂಡೆ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ನೀರೊಳಗೆ ಎಷ್ಟು ಹೊತ್ತು ಎಂದು ಪಕ್ಕದ ಅಕ್ಕ ಕೇಳಿದರೆ, “ಫೋಟೊ ಆಗೋ ತನಕ” ಎಂದ ಗೈಡ್. ಉಸಿರು ಬಿಗಿಹಿಡಿಯಬೇಡಿ ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ನೀರೊಳಗೆ ಸಿಲಿಂಡರಿನಿಂದ ಎಳೆದುಕೊಂಡ ಗಾಳಿ ಮೇಲೆ ಬರುತ್ತ ಹಿಗ್ಗುತ್ತದೆ. ತಡೆದು ಹಿಡಿದರೆ ಪುಪ್ಪುಸ ಹರಿಯಬಹುದು, ಒಂದಾಳು ಆಳದಿಂದಲೂ. ಬಾವಿಯಲ್ಲಿ ದಡದ ಮೇಲೆಯೇ ಉಸಿರು ತುಂಬಿಕೊಂಡು ಮುಳುಗುವವರಿಗೆ ಈ ಭಯವಿಲ್ಲ. ಅದಕ್ಕೇ ಈಜು ಬಲ್ಲ ನಮ್ಮ ಹುಡುಗರಿಗೆ ಈ ಮಾತನ್ನು ಎರಡು ಸಲ ಹೇಳಬೇಕು.

ದೋಣಿಯವರನ್ನು ಬೈದು ಮುಗಿಸುವುದು ಸುಲಭ. ಪರ್ಸೀನ್ ಬಲೆಯ ದೊಡ್ಡ ದೋಣಿಗಳ ಜೊತೆ ಅಲ್ಲಿನ ಸಣ್ಣ ಮೀನುಗಾರರ ಜಗಳ ಬಹಳ ವರ್ಷಗಳದ್ದು. ಬಲೆಗೆ ಮೀನು ಬೀಳದ ಮನೆಯ ಹುಡುಗರಿಗೆ ಸ್ಕೂಬಾ ಅನ್ನ ಕೊಟ್ಟಿದೆ. ಬಂದ್ ಮಾಡಿ ಎಂದು ನಾನು ಹೇಳಲಾರೆ. ತಾರಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ್ದೇ ಸ್ಕೂಬಾ ತರಬೇತಿ ಸಂಸ್ಥೆ ಇರುವಾಗ ಕಲಿಸುವವರಿಗೇನೂ ಬರವಿಲ್ಲ. ಕಲಿತ ಗೈಡ್ ಕೊಂಚ ಹೆಚ್ಚು ಕೇಳಿದರೆ ಪಕ್ಕದ ದೋಣಿಗೆ ಹೋಗುವವರು ನಾವು. ಮೂಲ ರೋಗ ಅಲ್ಲಿದೆ.

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗಿರುವ ನೇತ್ರಾಣಿಯ ಕಥೆ ಬೇರೆ. ಒಂದು ಕಾಲಕ್ಕೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಗುಂಡು ಹೊಡೆದ ದ್ವೀಪ. 2022ರ ‘ಗಂಧದಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೀರಿಗಿಳಿದದ್ದೂ ಅಲ್ಲೇ. ದೋಣಿಯಲ್ಲಿ ಬಹಳ ಹೊತ್ತು ಕೂರಬೇಕು, ಹೊಟ್ಟೆ ತೊಳಸುತ್ತದೆ, ಖರ್ಚೂ ಜಾಸ್ತಿ. ಆ ದೂರವೇ ಅದನ್ನು ಇಷ್ಟು ದಿನ ಕಾಯ್ದಿದೆ ಎಂದು ನನಗನಿಸುತ್ತದೆ. ಮಲ್ಪೆಯ ಸೇಂಟ್ ಮೇರೀಸ್ ನೋಡಿ: ನಮ್ಮ ಕರಿಕಲ್ಲಿಗಿಂತ ಎರಡು ಕೋಟಿ ವರ್ಷದಷ್ಟು ಹಳೆಯ ಲಾವಾ ಕಂಬಗಳು, ಆದರೆ ದಡಕ್ಕೆ ಹತ್ತಿರ. ರಜೆ ದಿನ ಕಂಬ ಕಾಣುವುದಿಲ್ಲ, ತಲೆ ಕಾಣುತ್ತವೆ.

ಮೇ ಕೊನೆಗೆ ಮಾಲವಣದ ದೋಣಿಗಳು ದಡ ಹತ್ತುತ್ತವೆ. ಮಳೆಗಾಲದ ಆ ಬಿಡುವಿನಲ್ಲಿ ಪರವಾನಗಿ ಕಾಗದದ ಮೇಲೆ ಬರೆದುಬಿಡಲಿ: ಪಾವ್ ಬಂದ್. ಲಂಗರೂ ಬಂದ್, ದೋಣಿ ಕಟ್ಟಲು ಕಾಯಂ ಬೋಯಾ. ಒಂದು ಜಾಗಕ್ಕೆ ದಿನಕ್ಕೆ ಇಷ್ಟೇ ಜನ. ಇಳಿಯುವ ಮೊದಲು ದಡದಲ್ಲಿ ಅರ್ಧ ತಾಸು ಪಾಠ. ದರ ಎರಡು ಪಟ್ಟಾದರೆ ಆಗಲಿ, ವರ್ಷಕ್ಕೊಮ್ಮೆ ಹೋಗುವವರು ಎರಡು ವರ್ಷಕ್ಕೊಮ್ಮೆ ಹೋಗೋಣ. ಮೀನು ಬರಲಿಲ್ಲ, ದುಡ್ಡು ವಾಪಸ್ ಕೊಡಿ ಎಂದು ಜಗಳ ತೆಗೆಯುವ ಗಿರಾಕಿ ಬಹುಶಃ ನಮ್ಮ ಕಡೆಯವನೇ ಆಗಿರುತ್ತಾನೆ. ಅವನಿಗೂ ಆ ಅರ್ಧ ತಾಸಿನಲ್ಲೇ ತಿಳಿಸಿ ಹೇಳಲಿ.