ಒಂದೇ ಬಕೆಟ್ ನೀರು

ಹೊಸ ಕಾರಿನ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂಥ ಗೀರು ಕಾಣುತ್ತಲ್ಲ, ಅದಕ್ಕೆ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೈಸಿಕೊಳ್ಳೋನು ಬೆಳಿಗ್ಗೆ ಐದಕ್ಕೇ ಬಂದು ಕಾರು ಒರೆಸೋ ಹುಡುಗ. ಅವನಿಗೆ ಒಂದು ಬಕೆಟ್ ನೀರು, ಒಂದು ಬಟ್ಟೆ, ಇಪ್ಪತ್ತು ಕಾರು. ಮೊದಲ ಕಾರಿನ ಧೂಳೇ ಇಪ್ಪತ್ತನೆಯದಕ್ಕೆ ಉಪ್ಪುಕಾಗದ!

ಸ್ವಾಮಿ, ಈ ಗೀರು ಬೀಳೋದು ಬಣ್ಣದ ಮೇಲಿನ ಕ್ಲಿಯರ್ ಕೋಟಿಗೆ. ಅದರ ದಪ್ಪ ಸುಮಾರು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪಾಲಿಶ್ ಅಂದ್ರೆ ಗೀರು ತುಂಬೋದಲ್ಲ, ಸುತ್ತಲಿನ ಪದರವನ್ನೇ ಗೀರಿನ ಮಟ್ಟಕ್ಕೆ ಸವೆಸೋದು. ಸವೆದದ್ದು ಮತ್ತೆ ಬೆಳೆಯಲ್ಲ. ಒಮ್ಮೆ ಮಾಡಿಸಿ, ಬೇಡ ಅನ್ನಲ್ಲ. ಮತ್ತೆ ಅದೇ ಬಟ್ಟೆ ಎಳೆಸಿದರೆ ಮತ್ತೆ ಅದೇ ಬಲೆ. 9ಎಚ್ ಅಂತ ಮಾರೋ ಸೆರಾಮಿಕ್ ಕೋಟಿಂಗ್ ನಂಬಿ ಕೂರಬೇಡಿ. ಆ 9ಎಚ್ ಪೆನ್ಸಿಲ್ ಪರೀಕ್ಷೆಯ ಅಳತೆ, ವಜ್ರದ್ದಲ್ಲ.

ಊರಲ್ಲಿ ನಮ್ಮಪ್ಪ ಎಮ್ಮೆ ತೊಳೆಯುವಾಗಲೂ ಮೊದಲು ನೀರು ಹುಯ್ದು ಕೆಸರು ಇಳಿಸಿ, ಆಮೇಲೇ ಉಜ್ಜೋರು. ಕೋಟಿಂಗಿಗೆ ಸಾವಿರಗಟ್ಟಲೆ ಸುರಿಯೋರು ಆ ಹುಡುಗನಿಗೆ ಇನ್ನೊಂದು ಬಕೆಟ್, ಕಾರಿಗೊಂದು ಮೈಕ್ರೋಫೈಬರ್ ಬಟ್ಟೆ ಕೊಡಿಸಿ. ನೀರು ಬರದ ದಿನ ಒರೆಸಬೇಡ ಅನ್ನಿ. ಆ ದಿನದ ಕೂಲಿ ಮಾತ್ರ ಹಿಡೀಬೇಡಿ.