ಮಣ್ಣು ತೋಡುವ ಚಿಕ್ಕ ಯಂತ್ರ: ಎಷ್ಟು ಚಿಕ್ಕದಿರಬೇಕು?

ಮಳೆಗಾಲವು ಕಳೆದು ನೆಲವು ಕಾಲೂರುವಷ್ಟು ಗಟ್ಟಿಯಾಯಿತೆಂದರೆ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಣ್ಣಿನ ಕೆಲಸವು ಮೊದಲಾಗುವುದು. ತೋಟದ ಬಸಿಗಾಲುವೆಗಳಲ್ಲಿ ಹೂಳು ತುಂಬಿರುವುದು. ಬೇಲಿಯ ಅಗಳು ಅಲ್ಲಲ್ಲಿ ಕುಸಿದಿರುವುದು. ಹಿತ್ತಿಲಲ್ಲಿ ಇಂಗುಗುಂಡಿಯನ್ನು ತೋಡಿಸಬೇಕೆಂದು ಮನೆಯವರು ಎರಡು ವರ್ಷಗಳಿಂದ ಎಣಿಸುತ್ತಿರುವರು. ಗುದ್ದಲಿ ಹಿಡಿಯುವ ಕೈಗಳು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿರುವುದರಿಂದ ಯಂತ್ರವನ್ನು ಬಾಡಿಗೆಗೆ ತರಿಸದೆ ಗತಿಯಿಲ್ಲ. ಆಗ ಗೃಹಸ್ಥರು ಕೇಳುವ ಮೊದಲನೆಯ ಪ್ರಶ್ನೆಯು "ಗಂಟೆಗೆ ಎಷ್ಟು?" ಎಂಬುದು. ನಮ್ಮ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಕೇಳತಕ್ಕ ಪ್ರಶ್ನೆ. "ನಮ್ಮ ಕೆಲಸಕ್ಕೆ ಎಷ್ಟು ದೊಡ್ಡ ಯಂತ್ರ ಬೇಕು?" ಎಂಬುದನ್ನು ಮೊದಲು ತಿಳಿದುಕೊಳ್ಳದಿದ್ದರೆ ಗಂಟೆಯ ದರದಿಂದ ಏನೂ ತಿಳಿಯುವುದಿಲ್ಲ.

ಹೆಸರುಗಳಿಂದಲೂ ಏನೂ ತಿಳಿಯುವುದಿಲ್ಲ. ನಮ್ಮ ಕಡೆ ಗಾಲಿಯ ಮೇಲೆ ಓಡುವುದೆಲ್ಲ 'ಜೆಸಿಬಿ', ಚೈನಿನ ಮೇಲೆ ಹರಿದಾಡುವುದೆಲ್ಲ 'ಹಿಟಾಚಿ', ಅದರ ಮರಿಯು 'ಮಿನಿ ಹಿಟಾಚಿ'. ಇವು ತಯಾರಕರ ಹೆಸರುಗಳೇ ಹೊರತು ಯಂತ್ರದ ಜಾತಿಯ ಹೆಸರುಗಳಲ್ಲ. ಜೆಸಿಬಿ ಎಂಬುದು 1945ರಲ್ಲಿ ಇಂಗ್ಲೆಂಡಿನಲ್ಲಿ ಆ ಉದ್ಯಮವನ್ನು ಆರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬವರ ಹೆಸರಿನ ಮೊದಲಕ್ಷರಗಳು. ಹಿಟಾಚಿಯು ಜಪಾನಿನ ಸಂಸ್ಥೆ. 'ಮಿನಿ' ಎಂದು ಹೇಳಿ ಕಳುಹಿಸಿದರೆ ಒಂದು ಟನ್ನಿನದೂ ಬರಬಹುದು, ಐದು ಟನ್ನಿನದೂ ಬರಬಹುದು. ಇವೆರಡರ ನಡುವಣ ಅಂತರವು ಕರುವಿಗೂ ಕೋಣಕ್ಕೂ ಇರುವಷ್ಟು. ಆದಕಾರಣ ಹೆಸರನ್ನು ಬಿಟ್ಟು ತೂಕವನ್ನು ಕೇಳತಕ್ಕದ್ದು. ಈ ಯಂತ್ರಗಳನ್ನು ತೂಕದಿಂದಲೇ ವಿಂಗಡಿಸುವುದು ಲೋಕದಲ್ಲೆಲ್ಲ ರೂಢಿ.

ಒಂದು ಟನ್ನಿನ ಅತಿ ಚಿಕ್ಕ ಯಂತ್ರವು ತನ್ನ ಚೈನುಗಳನ್ನು ಒಳಕ್ಕೆಳೆದುಕೊಂಡರೆ ಸುಮಾರು ಎರಡೂಕಾಲು ಅಡಿಯ ದಾರಿಯಲ್ಲಿ ನುಸುಳಬಲ್ಲದು. ಐದೂವರೆ ಅಡಿಯಷ್ಟು ಆಳ ತೋಡಬಲ್ಲದು. ಒಂದೂಮುಕ್ಕಾಲು ಟನ್ನಿನದಕ್ಕೆ ಮೂರೂಕಾಲು ಅಡಿ ಅಗಲದ ದಾರಿ ಸಾಕು, ಆಳವು ಏಳೂವರೆ ಅಡಿ. ಮೂರು ಟನ್ನಿನದು ಐದಡಿ ಅಗಲವಾಗಿದ್ದು ಒಂಬತ್ತು ಹತ್ತು ಅಡಿಯವರೆಗೆ ಇಳಿಯುವುದು. ಐದು ಟನ್ನಿನದು ಆರೂವರೆ ಅಡಿ ಅಗಲ, ಆಳ ಹನ್ನೆರಡು ಅಡಿಗೆ ಸಮೀಪ. ನಮಗೆಲ್ಲ ಪರಿಚಿತವಾದ ಗಾಲಿಯ ಜೆಸಿಬಿಯಾದರೋ ಏಳೂವರೆ ಟನ್ನಿಗೆ ಕಡಿಮೆಯಿಲ್ಲ, ಅದರ ಅಗಲ ಏಳೂಕಾಲು ಅಡಿ. ತಯಾರಕರಿಂದ ತಯಾರಕರಿಗೆ ಅಂಗುಲಗಳ ವ್ಯತ್ಯಾಸವುಂಟು. ಮನೆಯ ಲೆಕ್ಕಕ್ಕೆ ಇಷ್ಟು ಸಾಕು.

ಇನ್ನು ಅಳತೆಯ ಟೇಪನ್ನು ತೆಗೆದುಕೊಂಡು ಅಂಗಳಕ್ಕಿಳಿಯಬೇಕು. ಕೆಲಸದ ಸ್ಥಳಕ್ಕಿಂತ ಮೊದಲು ಅಲ್ಲಿಗೆ ಹೋಗುವ ದಾರಿಯನ್ನು ಅಳೆಯುವುದು ಒಳ್ಳಿತು. ತಲೆಬಾಗಿಲ ಗೇಟು ಎಷ್ಟಗಲ? ಮನೆಯ ಗೋಡೆಗೂ ಆವಾರದ ಗೋಡೆಗೂ ನಡುವೆ ಅತಿ ಇಕ್ಕಟ್ಟಾದ ಜಾಗವೆಷ್ಟು? ಅಲ್ಲಿ ತಿರುವು ಇದೆಯೇ? ಕೊಟ್ಟಿಗೆಯ ಮಾಡು, ವಿದ್ಯುತ್ತಿನ ತಂತಿ ಎಷ್ಟೆತ್ತರದಲ್ಲಿವೆ? ಈ ಅಳತೆಗಳಲ್ಲಿ ಅತಿ ಕಿರಿದಾದುದರಿಂದ ಎರಡು ಬದಿಗೂ ಅರ್ಧರ್ಧ ಅಡಿಯನ್ನು ಕಳೆದು ಉಳಿದಷ್ಟೇ ಯಂತ್ರದ ಅಗಲವಾಗಿರಬೇಕು. ನಮ್ಮ ಪರಿಚಯದ ಗೃಹಸ್ಥರೊಬ್ಬರು ದೊಡ್ಡ ಯಂತ್ರದಿಂದ ಕೆಲಸ ಬೇಗನೆ ಮುಗಿಯುವುದೆಂಬ ಆಸೆಯಿಂದ ಗೇಟಿನ ಒಂದು ಕಂಬವನ್ನೇ ಕೆಡಹಿಸಿ ಜೆಸಿಬಿಯನ್ನು ಒಳಗೆ ತರಿಸಿದರು. ಅದು ಹಿತ್ತಿಲಿಗೆ ಹೋಗುವ ದಾರಿಯಲ್ಲಿ ಶೌಚದ ಗುಂಡಿಯ ಮುಚ್ಚಳದ ಮೇಲೆ ಹರಿಯಿತು. ಇಂಗುಗುಂಡಿಯ ಕೆಲಸವು ಎರಡು ಗಂಟೆಯಲ್ಲಿ ಮುಗಿಯಿತು. ಕಂಬವನ್ನೂ ಶೌಚದ ಗುಂಡಿಯನ್ನೂ ಸರಿಪಡಿಸಲು ಮೂರು ವಾರ ಹಿಡಿಯಿತು.

ಯಂತ್ರವನ್ನು ಹೊತ್ತು ತರುವ ಲಾರಿಯೂ ಬರಬೇಕಲ್ಲವೇ? ಅದನ್ನು ಅನೇಕರು ಮರೆಯುವರು. ತೋಡಿನ ಮೇಲಿನ ಚಪ್ಪಡಿಯ ಸಂಕವು ಐದು ಟನ್ನಿನ ಯಂತ್ರವನ್ನೂ ಅದರ ಲಾರಿಯನ್ನೂ ಒಟ್ಟಿಗೆ ತಾಳಲಾರದಿದ್ದರೆ, ಯಂತ್ರವನ್ನು ಇತ್ತ ಕಡೆಯೇ ಇಳಿಸಿ ನಡೆಸಿಕೊಂಡು ಹೋಗುವುದು ಲೇಸು.

ಅಗಲವೊಂದೇ ಸಾಲದು. ಯಂತ್ರವು ನಿಂತಲ್ಲಿಯೇ ಮೈತಿರುಗಿಸುವಾಗ ಅದರ ಹಿಂಭಾಗವು ಚೈನಿನಿಂದ ಹೊರಕ್ಕೆ ಚಾಚುವುದು. ಬಕೆಟ್ಟಿನ ಮೇಲೆಯೇ ಕಣ್ಣಿಟ್ಟಿರುವ ಆಪರೇಟರಿಗೆ ಬೆನ್ನ ಹಿಂದಿನ ಗೋಡೆಯು ಕಾಣುವುದಿಲ್ಲ. ಹಳೆಯ ಮನೆಗಳ ಮೂಲೆಗಳು ಮುರಿಯುವುದು ಬಹುಮಟ್ಟಿಗೆ ಹೀಗೆಯೇ. ಹಿಂಭಾಗವು ಚೈನಿನ ಅಗಲದೊಳಗೇ ಸುತ್ತುವ ಯಂತ್ರಗಳು ಈಗ ಸಾಮಾನ್ಯವಾಗಿವೆ. ಇಕ್ಕಟ್ಟಾದ ಕಡೆ ಅಂತಹದನ್ನೇ ಕೇಳಿ ತರಿಸಬೇಕು. ಒಂದು ಎಚ್ಚರಿಕೆ: ಹಿಂಭಾಗವು ಗಿಡ್ಡವಾದ ಯಂತ್ರವು ಅದೇ ತೂಕದ ಬೇರೆ ಯಂತ್ರದಷ್ಟು ಭಾರವನ್ನು ಪಕ್ಕಕ್ಕೆ ಎತ್ತಿ ಹಿಡಿಯಲಾರದು. ಮಣ್ಣಿಗೆ ಇದರಿಂದ ಬಾಧಕವಿಲ್ಲ. ದೊಡ್ಡ ಕಲ್ಲುಗಳನ್ನೂ ಬಾವಿಯ ರಿಂಗುಗಳನ್ನೂ ಎತ್ತಿಸುವುದಿದ್ದರೆ ಮೊದಲೇ ತಿಳಿಸಬೇಕು.

ಆಳದ ವಿಷಯದಲ್ಲಿ ಕಾಗದದ ಮೇಲಿನ ಅಂಕಿಯನ್ನು ಪೂರ್ತಿಯಾಗಿ ನಂಬಬಾರದು. ಏಳೂವರೆ ಅಡಿ ತೋಡಬಲ್ಲದೆಂದರೆ ತೋಳನ್ನು ಪೂರ್ತಿ ಚಾಚಿ ಬಕೆಟ್ಟಿನ ತುದಿಯು ಒಮ್ಮೆ ಅಷ್ಟಕ್ಕೆ ಮುಟ್ಟುವುದೆಂದರ್ಥ. ಅಲ್ಲಿ ಅದಕ್ಕೆ ಬಲವೂ ಇಲ್ಲ, ತಳವನ್ನು ಸಮ ಮಾಡುವ ಅನುಕೂಲವೂ ಇಲ್ಲ. ಆರಡಿಯ ಗುಂಡಿ ಬೇಕಾದರೆ ಎಂಟು ಒಂಬತ್ತು ಅಡಿ ಇಳಿಯುವ ಯಂತ್ರವನ್ನೇ ಕರೆಸತಕ್ಕದ್ದು. ಇಲ್ಲಿ ಚಿಕ್ಕದನ್ನು ತರಿಸಿ ಉಳಿತಾಯ ಮಾಡಿದವರು ಕೊನೆಯ ಒಂದೂವರೆ ಅಡಿಯನ್ನು ತೋಡಲು ಆಳನ್ನು ಗುಂಡಿಗೆ ಇಳಿಸುವರು. ಇದನ್ನು ನಾವು ಕೈಮುಗಿದು ಬೇಡವೆನ್ನುವೆವು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುವುದು. ಯಂತ್ರವು ಆಗತಾನೆ ಕೊರೆದ ನೆಟ್ಟನೆಯ ಗೋಡೆಯು ನೋಡಲು ಗಟ್ಟಿಯಾಗಿದ್ದರೂ, ದಡದ ಮೇಲೆ ಯಂತ್ರವು ಅಲುಗಾಡುತ್ತಿರುವಾಗ ಅದು ಯಾವ ಸೂಚನೆಯನ್ನೂ ಕೊಡದೆ ಜಾರುವುದು. ಎದೆಯವರೆಗೆ ಹೂತವನು ಉಸಿರಾಡಲಾರ. ಒಂದೂವರೆ ಮೀಟರಿಗಿಂತ, ಎಂದರೆ ಐದಡಿಗಿಂತ, ಆಳವಾದ ಕಾಲುವೆಯ ಬದಿಗಳಿಗೆ ಹಲಗೆ ಕೊಟ್ಟು ಆನಿಸಬೇಕು, ಇಲ್ಲವೆ ಇಳಿಜಾರಾಗಿ ಕಡಿಯಬೇಕು ಎಂದು ಭಾರತೀಯ ಮಾನಕ 3764 ವಿಧಿಸಿದೆ. ಮನೆಯ ಹಿತ್ತಿಲಲ್ಲಿ ಮಾನಕವನ್ನು ನೋಡಲು ಯಾರೂ ಬರುವುದಿಲ್ಲ. ಆಳಿನ ಪ್ರಾಣದ ಹೊಣೆಯು ಮನೆಯ ಯಜಮಾನರ ಮೇಲೆಯೇ ಇರುವುದು. ತೋಡಿದ ಮಣ್ಣನ್ನು ದಡದ ಅಂಚಿನಲ್ಲಿ ರಾಶಿ ಹಾಕಿಸದೆ ಕನಿಷ್ಠ ಮೂರಡಿ ಆಚೆಗೆ ಹಾಕಿಸಬೇಕು. ಇದಕ್ಕೂ ಯಂತ್ರದ ತೋಳು ಸಾಕಷ್ಟು ಉದ್ದವಿರಬೇಕಾದುದರಿಂದ ಗಾತ್ರದ ಪ್ರಶ್ನೆಯು ಇಲ್ಲಿಯೂ ಬರುವುದು.

ಅಡಕೆ ತೋಟವುಳ್ಳವರು ಇನ್ನಷ್ಟು ಯೋಚಿಸಬೇಕು. ಮರದಿಂದ ಮರಕ್ಕೆ ಒಂಬತ್ತು ಅಡಿ ಬಿಟ್ಟು ನೆಟ್ಟ ತೋಟವೆಂದುಕೊಳ್ಳೋಣ. ಐದಡಿ ಅಗಲದ ಮೂರು ಟನ್ನಿನ ಯಂತ್ರವು ಸಾಲಿನ ನಟ್ಟನಡುವೆ ಹೋದರೆ ಎರಡು ಕಡೆಗೂ ಎರಡೆರಡು ಅಡಿ ಉಳಿಯುವುದು. ಐದು ಟನ್ನಿನದಕ್ಕೆ ಉಳಿಯುವುದು ಹದಿನೈದೇ ಅಂಗುಲ. ಜೆಸಿಬಿಗೆ ಹತ್ತೂವರೆ ಅಂಗುಲ. ಮರದ ದಪ್ಪವನ್ನು ಕಳೆದರೆ ಅದೂ ಇಲ್ಲ. ಅಡಕೆಯ ಬೇರುಗಳಾದರೋ ಬಹುಪಾಲು ಬುಡದಿಂದ ಮೂರಡಿಯೊಳಗೇ ಹಬ್ಬಿರುವುವು. ಹೀಗಿರಲು ಮೂರು ಟನ್ನಿನ ಯಂತ್ರವು ಸಹ ಹೊರಬೇರುಗಳ ಮೇಲೆ ಹರಿಯದೆ ಹೋಗುವಂತಿಲ್ಲ. ದೊಡ್ಡದಾದರೆ ಬುಡವನ್ನೇ ತುಳಿಯುವುದು. ಮಲೆನಾಡಿನ ತೋಟಗಳಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ ಇರುವ ಕಡೆ, ಕಾಲುವೆಯಿರುವ ಓಣಿಯಲ್ಲಿ ಮಾತ್ರ ಯಂತ್ರವನ್ನು ಬಿಡಬೇಕು. ನಡುವಣ ಓಣಿಗೆ ಕಾಲಿಡಗೊಡಬಾರದು. ಒಂದೂವರೆ ಅಡಿಯ ಕಾಲುವೆಯಾದರೆ ಯಂತ್ರವು ಅದರ ಎರಡು ದಡಗಳ ಮೇಲೆ ಒಂದೊಂದು ಚೈನಿಟ್ಟು ಹಿಮ್ಮೆಟ್ಟುತ್ತ ತೋಡಿಕೊಂಡು ಬರಬಲ್ಲದು. ದಡವು ಮೆತ್ತಗಿದ್ದರೆ ಪಕ್ಕದಲ್ಲಿ ನಿಂತು, ತೋಳನ್ನು ಬುಡದಲ್ಲಿಯೇ ಓರೆಯಾಗಿ ತಿರುಗಿಸಿಕೊಂಡು ತೋಡುವುದು. ಈ ಓರೆ ತಿರುಗುವ ತೋಳು ಚಿಕ್ಕ ಯಂತ್ರಗಳ ವಿಶೇಷ. ದೊಡ್ಡ ಹಿಟಾಚಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ತೂಕವನ್ನು ಕೇಳಿ ಹೆದರುವವರಿಗೆ ಒಂದು ಸಮಾಧಾನವುಂಟು. ಮೂರು ಟನ್ನಿನ ಯಂತ್ರವು ಅಗಲವಾದ ರಬ್ಬರ್ ಚೈನುಗಳ ಮೇಲೆ ನಿಂತಿರುವುದರಿಂದ ಅದು ನೆಲವನ್ನು ಒತ್ತುವ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೋಗ್ರಾಮು, ಎರಡು ಕಾಲಿನ ಮೇಲೆ ನಿಂತ ಮನುಷ್ಯನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಗಾಲಿಯ ಯಂತ್ರದ್ದು ಇದರ ಹಲವು ಪಟ್ಟು. ಹಾಗೆಂದು ಹಸಿನೆಲದಲ್ಲಿ ಬಿಡಬಹುದೆಂದಲ್ಲ. ಒಂದಡಿ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಬೇಕು. ಅದು ಉಂಡೆಯಾಗಿ ಅಂಗೈಗೆ ಮೆತ್ತಿಕೊಂಡರೆ ಇನ್ನೂ ಎರಡು ವಾರ ಕಾಯಬೇಕು. ಹಸಿಯಲ್ಲಿ ತುಳಿದ ನೆಲವು ಒಣಗಿದಾಗ ಇಟ್ಟಿಗೆಯಂತಾಗುವುದು.

ಈಗ ಹಣದ ಲೆಕ್ಕಕ್ಕೆ ಬರೋಣ. ನೂರು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಆಳದ ಕಾಲುವೆಯೆಂದರೆ 40 ಘನ ಮೀಟರಿಗೆ ಸ್ವಲ್ಪ ಹೆಚ್ಚು ಮಣ್ಣು. ಒಂದೂಮುಕ್ಕಾಲು ಟನ್ನಿನ ಯಂತ್ರದ ಬಕೆಟ್ಟು ಸುಮಾರು 40 ಲೀಟರ್ ಹಿಡಿಯುವುದು. ಗಂಟೆಗೆ ನೂರೈವತ್ತು ಸಲ ತುಂಬಿ ಬಂದರೆ ಆರು ಘನ ಮೀಟರ್. ಮೂರು ಟನ್ನಿನದು 80 ಲೀಟರ್ ಹಿಡಿದು ಗಂಟೆಗೆ ಹನ್ನೆರಡು ತೆಗೆಯುವುದು. ಮೊದಲನೆಯದಕ್ಕೆ ಏಳು ಗಂಟೆ, ಎರಡನೆಯದಕ್ಕೆ ಮೂರೂವರೆ. ಗಂಟೆಯ ದರವು ಇಮ್ಮಡಿಯಾಗಿದ್ದರೂ ಖರ್ಚು ಒಂದೇ, ಆಪರೇಟರಿಗೆ ಒಂದು ಊಟವು ಉಳಿಯಿತು. ಅಗೆದ ಮಣ್ಣು ಸಡಿಲಾಗಿ ನೂರಕ್ಕೆ ಇಪ್ಪತ್ತೈದರಷ್ಟು ಉಬ್ಬುವುದೆಂಬುದನ್ನೂ ನೆನಪಿಡಬೇಕು. ನಲವತ್ತು ತೋಡಿಸಿದವರು ಐವತ್ತಕ್ಕೆ ಜಾಗ ಹುಡುಕಬೇಕಾಗುವುದು.

ಆದರೆ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯಲ್ಲಿ ಮನೆಮಾತಾದ ಕೃಷಿಹೊಂಡದ ಲೆಕ್ಕವೇ ಬೇರೆ. ಹದಿನೈದು ಮೀಟರ್ ಚೌಕದ, ಮೂರು ಮೀಟರ್ ಆಳದ ಹೊಂಡದಲ್ಲಿ, ಒಂದಕ್ಕೊಂದರ ಇಳಿಜಾರಿನ ಬದಿಗಳನ್ನು ಬಿಟ್ಟು, 441 ಘನ ಮೀಟರ್ ಮಣ್ಣುಂಟು. ನಮ್ಮ ಮೂರು ಟನ್ನಿನ ಯಂತ್ರಕ್ಕೆ ಇದು ಮೂವತ್ತೇಳು ಗಂಟೆಯ ಕೆಲಸ. ಅಷ್ಟೇ ಅಲ್ಲದೆ ತೋಳು ಸಾಲದೆ ನಡುವಿನ ಮಣ್ಣನ್ನು ಎರಡೆರಡು ಸಲ ಎತ್ತಿ ಹಾಕಬೇಕಾಗುವುದು. ಇಪ್ಪತ್ತು ಟನ್ನಿನ ಹಿಟಾಚಿಯು ಇದನ್ನು ಒಂದೇ ದಿನದಲ್ಲಿ ಮುಗಿಸುವುದು. ತೆರೆದ ಹೊಲದಲ್ಲಿ ಮುರಿಯಲು ಗೇಟಿಲ್ಲ, ತುಳಿಯಲು ಬೇರಿಲ್ಲ. ಅಲ್ಲಿ ಚಿಕ್ಕದನ್ನು ತರಿಸುವುದು ದಂಡ.

ಜಂಬಿಟ್ಟಿಗೆಯ ನೆಲವೂ ಚಿಕ್ಕ ಯಂತ್ರಕ್ಕೆ ಮಣಿಯದು. ಕಲ್ಲು ಗಟ್ಟಿಯಾಗಿರುವ ಕಡೆ ಒಂದು ಟನ್ನಿನ ಯಂತ್ರವು ಬಕೆಟ್ಟನ್ನು ಒತ್ತಿದರೆ ನೆಲವು ಏಳುವುದಿಲ್ಲ, ಯಂತ್ರವೇ ಏಳುವುದು. ಬ್ರೇಕರ್ ಕಟ್ಟಿಸಬೇಕಾದರೆ ಐದು ಟನ್ನಿಗೆ ಕಡಿಮೆಯಾದುದನ್ನು ನಾವು ಸೂಚಿಸೆವು. ದಾರಿಯು ಅದಕ್ಕೆ ಸಾಲದಿದ್ದರೆ ಕೈಯಿಂದ ಒಡೆಯುವವರನ್ನೇ ಹುಡುಕುವುದು ವಾಸಿ.

ಬಾಡಿಗೆಯವರಿಗೆ ಫೋನ್ ಮಾಡುವಾಗ ದಾರಿಯ ಅತಿ ಕಿರಿದಾದ ಅಗಲ, ಬೇಕಾದ ಆಳ, ಕಾಲುವೆಯ ಅಗಲ, ನೆಲದ ಗುಣ, ಇಷ್ಟನ್ನು ಬರೆದಿಟ್ಟುಕೊಂಡು ಹೇಳಬೇಕು. ಅವರು "ಇರಲಿ, ಇದಕ್ಕಿಂತ ಒಂದು ದೊಡ್ಡದನ್ನೇ ಕಳುಹಿಸುತ್ತೇವೆ, ದರ ಅದೇ" ಎಂದರೆ ಆ ಯಂತ್ರವು ಆ ದಿನ ಕೆಲಸವಿಲ್ಲದೆ ನಿಂತಿದೆಯೆಂದು ತಿಳಿಯಬೇಕು; ಅದರ ಅಗಲವನ್ನು ಅಂಗುಲದಲ್ಲಿ ಕೇಳದೆ ಒಪ್ಪಬಾರದು. ಸಾಗಣೆಯ ಖರ್ಚು ಯಾರದು, ಕನಿಷ್ಠ ಎಷ್ಟು ಗಂಟೆಯ ಬಾಡಿಗೆ ಕೊಡಬೇಕು, ಗಂಟೆಯನ್ನು ಎಣಿಸುವುದು ಯಂತ್ರದ ಮೀಟರಿನಿಂದಲೋ ಗಡಿಯಾರದಿಂದಲೋ ಎಂಬುದನ್ನು ಆಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಬಕೆಟ್ಟಿನ ಅಗಲವನ್ನು ಹೇಳಲು ಮರೆಯಬಾರದು. ಒಂದಡಿಯ ಕಾಲುವೆ ಬೇಕಾದವರಿಗೆ ಎರಡಡಿಯ ಬಕೆಟ್ಟು ಬಂದರೆ ತೋಡುವ ಮಣ್ಣೂ ಮುಚ್ಚುವ ಮಣ್ಣೂ ಇಮ್ಮಡಿ.

ಯಂತ್ರವು ಬರುವ ಹಿಂದಿನ ಸಂಜೆ ಮನೆಯ ಹಿರಿಯರನ್ನು ಕರೆದುಕೊಂಡು ಹಿತ್ತಿಲನ್ನು ಒಮ್ಮೆ ಸುತ್ತಬೇಕು. ನೀರಿನ ಪೈಪು ಎಲ್ಲಿ ಹೋಗಿದೆ, ಪಂಪಿನ ಕೇಬಲ್ಲನ್ನು ಎಲ್ಲಿ ಹೂತಿದೆ, ಹಳೆಯ ಬಾವಿಯನ್ನು ಮುಚ್ಚಿದ ಜಾಗವಾವುದು ಎಂಬುದು ಅವರಿಗೇ ತಿಳಿದಿರುವುದು. ಅವರು ತೋರಿಸಿದ ಕಡೆಗಳಲ್ಲೆಲ್ಲ ಸುಣ್ಣದ ಗೆರೆಯನ್ನು ಎಳೆದಿಟ್ಟು, ಬೆಳಗ್ಗೆ ಆಪರೇಟರಿಗೆ ಕಾಫಿ ಕೊಡುವ ಮೊದಲೇ ಅವನ್ನು ತೋರಿಸಿಬಿಡಬೇಕು.