ಸ್ವಯಂಸೇವೆ ಬಿಟ್ಟಿ ದುಡಿಮೆಯಲ್ಲ

ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಐ.ಐ.ಟಿ. ಮುಂತಾದ ಸಂಸ್ಥೆಗಳಿರುವ ಈ ಅವಳಿನಗರದಲ್ಲಿ ಕಂಪ್ಯೂಟರ್ ಬಲ್ಲ ತರುಣರಿಗೆ ಕೊರತೆಯಿಲ್ಲ. ಆದರೂ ಅಂತರ್ಜಾಲದ ಆಟವೊಂದನ್ನು ಸಂಬಳವಿಲ್ಲದೆ ಕೂಡಿ ನಿರ್ಮಿಸೋಣವೆಂದು ಕರೆದರೆ, ಉತ್ಸಾಹದಿಂದ ಬಂದವರಲ್ಲಿ ಪರೀಕ್ಷೆಯ ಹೊತ್ತಿಗೆ ಉಳಿಯುವವರು ವಿರಳ. ಇದನ್ನು ಯುವಜನರ ಸೋಮಾರಿತನವೆಂದು ಹಿರಿಯರು ತೀರ್ಪಿಡುವುದು ನ್ಯಾಯವಲ್ಲ.

‘ಜೀರೋ ಎ.ಡಿ.’ ಎಂಬ ಆಟವನ್ನು ಗಮನಿಸಿರಿ. 2001ರಲ್ಲಿ ಮತ್ತೊಂದು ಆಟದ ಮಾರ್ಪಾಡಾಗಿ ಆರಂಭವಾದ ಆ ಯೋಜನೆಯ ಮೂಲ ಸಂಕೇತಗಳನ್ನು 2009ರಲ್ಲಿ ಎಲ್ಲರಿಗೂ ತೆರೆದಿಡಲಾಯಿತು. ಅಂದಿನಿಂದ ನಾನಾ ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸಿದ್ದಾರೆ. ಮಸ್ಕಿ, ಕೊಪ್ಪಳಗಳಲ್ಲಿ ಶಾಸನಗಳನ್ನು ಬಿಟ್ಟುಹೋದ ಮೌರ್ಯರೂ ಅದರಲ್ಲಿದ್ದಾರೆ. ಒಬ್ಬನು ಒಂದು ದೋಷವನ್ನು ತಿದ್ದುತ್ತಾನೆ, ಇನ್ನೊಬ್ಬಳು ಒಂದು ಚಿತ್ರ ಬರೆಯುತ್ತಾಳೆ. ಅವರು ಹೊರಟುಹೋದರೂ ಮಾಡಿದ ಕೆಲಸ ಉಳಿಯುತ್ತದೆ, ಮತ್ತೊಬ್ಬರು ಅದನ್ನು ಮುಂದುವರಿಸುತ್ತಾರೆ.

ನಮ್ಮಲ್ಲಿ ಆಗುವುದೇನು? ಕನಸು ಒಬ್ಬನದು, ದುಡಿಮೆ ಮಾತ್ರ ಹಲವರದು. ಮುಂದೆ ಲಾಭ ಬಂದರೆ ಪಾಲು ಕೊಡುವೆನೆಂಬ ಬಾಯಿಮಾತೇ ಕರಾರು. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಕೂಡದೆಂದು 1785ರಲ್ಲಿ ತತ್ತ್ವಜ್ಞಾನಿ ಕಾಂಟ್ ವಾದಿಸಿದನು. ಬಿಟ್ಟಿ ದುಡಿಮೆಗೂ ಸ್ವಯಂಸೇವೆಗೂ ಇರುವ ಅಂತರ ಇದೇ.

ಆದುದರಿಂದ ಜನರನ್ನು ಕರೆಯುವವನು ಮೊದಲು ತಾನೇ ದುಡಿದು, ಆಡಿ ನೋಡಬಹುದಾದ ಒಂದು ಸಣ್ಣ ಭಾಗವನ್ನಾದರೂ ಮುಂದಿಡಲಿ. ವರ್ಷಗಳನ್ನು ಕೇಳದೆ ಎರಡು ವಾರಗಳ ಕೆಲಸವನ್ನು ಕೇಳಲಿ. ಕೃತಿ ಯಾರದು, ಹಣ ಬಂದರೆ ಯಾರಿಗೆ ಎಷ್ಟು ಎಂಬುದನ್ನು ಆರಂಭದಲ್ಲೇ ಬರೆದಿಡಲಿ.

ತಂದೆತಾಯಿಗಳೇ, ಮಕ್ಕಳು ಇಂಥ ತಂಡಕ್ಕೆ ಸೇರುವೆವೆಂದರೆ ಗದರಿಸಬೇಡಿರಿ. “ಅಲ್ಲಿ ನಿನ್ನ ಕೆಲಸಕ್ಕೆ ನಿನ್ನ ಹೆಸರಿರುತ್ತದೆಯೇ?” ಎಂದು ಕೇಳಿರಿ.